ವಿಸ್ಮಯ ಕನ್ನಡಕ್ಕೆ, ಅವಕಾಶ ಇಂಗ್ಲಿಷಿಗೆ

ಖಗೋಳ ವಿಜ್ಞಾನದ ಸುದ್ದಿಯಲ್ಲಿ ಎರಡು ಬಗೆ. ಒಂದು ವಿಸ್ಮಯದ ಸುದ್ದಿ: ಹೊಸ ಕಪ್ಪುಕುಳಿ ಪತ್ತೆ, ಹೊಸ ಗ್ರಹ ಪತ್ತೆ, ಇಷ್ಟು ಕೋಟಿ ಜ್ಯೋತಿರ್ವರ್ಷ ದೂರದ ನಕ್ಷತ್ರಲೋಕ. ಇನ್ನೊಂದು ಅವಕಾಶದ ಸುದ್ದಿ: ಬೇಸಿಗೆ ಶಿಬಿರಕ್ಕೆ ಅರ್ಜಿ ಕರೆದಿದ್ದಾರೆ, ದೂರದರ್ಶಕದ ಸಮಯಕ್ಕೆ ಪ್ರಸ್ತಾವನೆ ಕೇಳಿದ್ದಾರೆ, ಪಿಎಚ್.ಡಿ. ಸೇರಲು ಪರೀಕ್ಷೆ ಇದೆ, ಇಂಥ ದತ್ತಾಂಶ ಇನ್ನು ಎಲ್ಲರಿಗೂ ಮುಕ್ತ. ಮೊದಲನೆಯದು ಮರುದಿನವೇ ಕನ್ನಡಕ್ಕೆ ಬರುತ್ತದೆ. ಎರಡನೆಯದು ಬರುವುದು ತೀರಾ ಅಪರೂಪ. ಈ ತಾರತಮ್ಯವೇ ನಮ್ಮ ಊರುಗಳ ಮಕ್ಕಳನ್ನು ಆಕಾಶದ ಪ್ರೇಕ್ಷಕರನ್ನಾಗಿ ಉಳಿಸಿದೆ.

2025ರ ಜೂನ್‌ನಲ್ಲಿ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ಹೊರಗಿಟ್ಟಿತು. 8.4 ಮೀಟರ್ ಅಗಲದ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ ಎಂಬ ಅಂಕಿಗಳು ಎಲ್ಲೆಡೆ ಹರಿದಾಡಿದವು. ಆ ಕ್ಯಾಮೆರಾದ ಪೂರ್ಣ ದತ್ತಾಂಶಕ್ಕೆ ಮೊದಲ ಹಕ್ಕು ಅಮೆರಿಕ, ಚಿಲಿ ಮತ್ತು ಯೋಜನೆಗೆ ಕೊಡುಗೆ ಕೊಟ್ಟ ತಂಡಗಳದ್ದು. ಆದರೆ ಆಕಾಶದಲ್ಲಿ ಏನಾದರೂ ಹೊಳೆದರೆ, ಮಂಕಾದರೆ, ಸರಿದರೆ ಆ ಕೂಡಲೇ ಹೊರಡುವ ಸೂಚನೆಗಳು ಜಗತ್ತಿನ ಎಲ್ಲರಿಗೂ ಮುಕ್ತವಾಗಿರಬೇಕು ಎಂಬುದು ಯೋಜನೆಯಲ್ಲೇ ಇದೆ. ನಮಗೆ ಸಂಬಂಧಪಟ್ಟ ಸುದ್ದಿ ಇದು. ನಾವು ಓದಿದ್ದು ಮಾತ್ರ ಕನ್ನಡಿಯ ಅಳತೆಯನ್ನು.

ಬಜಗೋಳಿಯನ್ನೇ ತೆಗೆದುಕೊಳ್ಳಿ. ಕಾರ್ಕಳದಿಂದ ಕುದುರೆಮುಖದ ಕಡೆಗೆ ಹೋಗುವ ದಾರಿಯಲ್ಲಿ, ಘಟ್ಟದ ಬುಡದಲ್ಲಿರುವ ಸಣ್ಣ ಪೇಟೆ. ಇಲ್ಲಿಂದ ದಿನಾ ಬಸ್ಸು ಹತ್ತಿ ಹೋಗಿ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದುವ ಒಬ್ಬ ಹುಡುಗಿ ಖಗೋಳ ಸಂಶೋಧನೆಗೆ ಹೋಗಲು ಏನು ಅಡ್ಡಿ ಎಂದು ಯಾರನ್ನಾದರೂ ಕೇಳಿ. ಮೊದಲು ಬರುವ ಉತ್ತರ ಮೋಡದ್ದು: ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಡೆಯುವ ಕರಾವಳಿಯಲ್ಲಿ ಎಂಥ ದೂರದರ್ಶಕ, ಎಂಥ ಸಂಶೋಧನೆ?

ಈ ಉತ್ತರ ಹಳತಾಗಿ ಇಪ್ಪತ್ತು ವರ್ಷಗಳ ಮೇಲಾಯಿತು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕ ಮೊದಲ ಬೆಳಕು ಕಂಡದ್ದು 2000ರಲ್ಲಿ. ಅದನ್ನು ನಡೆಸುವವರು ಕೂರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಉಪಗ್ರಹ ಸಂಪರ್ಕದ ಈ ತುದಿಯಲ್ಲಿ. ಹೊಸಕೋಟೆಯ ಮೇಲೆ ಮೋಡವಿದ್ದರೂ ಹಾನ್ಲೆಯ ಕೆಲಸ ನಿಲ್ಲುವುದಿಲ್ಲ. ಪುಣೆಯ ಸಮೀಪ ತಲಾ 45 ಮೀಟರ್ ಅಗಲದ 30 ಬೋಗುಣಿಗಳಿರುವ ಜಿಎಂಆರ್‌ಟಿ ರೇಡಿಯೋ ಅಲೆಗಳನ್ನು ಹಿಡಿಯುತ್ತದೆ, ಅದಕ್ಕೆ ಮೋಡ ಒಂದು ಲೆಕ್ಕವೇ ಅಲ್ಲ. ಅದರಲ್ಲಿ ವೀಕ್ಷಣೆಯ ಸಮಯಕ್ಕೆ ವರ್ಷಕ್ಕೆ ಎರಡು ಬಾರಿ ಪ್ರಸ್ತಾವನೆ ಕರೆಯುತ್ತಾರೆ. ನಿಗದಿತ ಅವಧಿ ಕಳೆದ ಮೇಲೆ ದತ್ತಾಂಶ ಎಲ್ಲರಿಗೂ ಸಿಗುತ್ತದೆ. 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್, 2023ರಲ್ಲಿ ಹೊರಟ ಆದಿತ್ಯ-ಎಲ್1 ಕಳಿಸುವ ದತ್ತಾಂಶವೂ ಇಸ್ರೋದ ಭಂಡಾರದಲ್ಲಿ ಮುಕ್ತವಾಗಿ ಸಿಗುತ್ತದೆ. ಒಂದು ಲ್ಯಾಪ್‌ಟಾಪ್, ಒಂದು ಇಂಟರ್ನೆಟ್ ಸಂಪರ್ಕ, ದಾರಿ ತೋರಿಸುವ ಒಬ್ಬ ಅಧ್ಯಾಪಕರು: ಆರಂಭಕ್ಕೆ ಇಷ್ಟು ಸಾಕು. ಮಾಡಿ ತೋರಿಸಿದವರೂ ಇದ್ದಾರೆ. 2013ರಲ್ಲಿ ಶುರುವಾದ ರ್‍ಯಾಡ್@ಹೋಮ್ ಎಂಬ ಪ್ರಯೋಗ ದೇಶದ ಪದವಿ ವಿದ್ಯಾರ್ಥಿಗಳಿಗೆ ಜಿಎಂಆರ್‌ಟಿಯ ಚಿತ್ರಗಳನ್ನು ಮನೆಯಲ್ಲಿ ಕೂತೇ ಓದಲು ಕಲಿಸುತ್ತಿದೆ.

ಅಂದರೆ ಆಕಾಶದ ಅಡ್ಡಿ ಹೋಯಿತು, ದೂರದ ಅಡ್ಡಿಯೂ ಬಹುಪಾಲು ಹೋಯಿತು. ಉಳಿದಿರುವುದು ಸುದ್ದಿಯ ಅಡ್ಡಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಈ ಪೂಜಾರಿಗಳು ದೂರದವರೂ ಅಲ್ಲ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ರಾಮನ್ ಸಂಶೋಧನಾ ಸಂಸ್ಥೆ ಇರುವುದು ಸದಾಶಿವನಗರದಲ್ಲಿ. ಎರಡೂ ಸೇರಿ ಗೌರಿಬಿದನೂರಿನಲ್ಲಿ 1976ರಿಂದ ರೇಡಿಯೋ ವೀಕ್ಷಣಾಲಯ ನಡೆಸುತ್ತಿವೆ. ಆದಿತ್ಯ-ಎಲ್1ರ ಮುಖ್ಯ ಉಪಕರಣ ಸಿದ್ಧವಾದದ್ದು ಅದೇ ಹೊಸಕೋಟೆಯಲ್ಲಿ. ಕನ್ನಡ ನೆಲದ ಮೇಲೆ ಇಷ್ಟೆಲ್ಲ ಇದ್ದೂ ದೀಪದ ಬುಡದಲ್ಲಿ ಕತ್ತಲು. ಕೇಂದ್ರದ ಸಂಸ್ಥೆಗಳಾದ್ದರಿಂದ ರಾಜಭಾಷೆಯ ನಿಯಮಕ್ಕೆ ಹಿಂದಿಯಲ್ಲಿ ವರದಿ ಬರುತ್ತದೆ, ಸೆಪ್ಟೆಂಬರಿನಲ್ಲಿ ಹಿಂದಿ ಪಕ್ಷಾಚರಣೆ ನಡೆಯುತ್ತದೆ. ಕನ್ನಡಕ್ಕೆ ಅಂಥ ನಿಯಮವಿಲ್ಲ. ಈ ಸಂಸ್ಥೆಗಳಲ್ಲಿ ಕನ್ನಡದಲ್ಲಿ ಉಪನ್ಯಾಸ ಕೊಡುವ, ಶಾಲೆಗಳಿಗೆ ಹೋಗಿ ಗ್ರಹಣ ತೋರಿಸುವ ಒಳ್ಳೆಯ ವಿಜ್ಞಾನಿಗಳಿದ್ದಾರೆ, ಅವರ ಶ್ರಮವನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅವರು ಕನ್ನಡದಲ್ಲಿ ಕರೆಯುವುದು ನೋಡಲು. ಸೇರಲು ಕರೆಯುವುದು ಇಂಗ್ಲಿಷಿನಲ್ಲಿ.

ಇದಕ್ಕೆ ಸಿದ್ಧವಾದ ಆಕ್ಷೇಪ ಒಂದಿದೆ. ಸಂಶೋಧನೆ ನಡೆಯುವುದೇ ಇಂಗ್ಲಿಷಿನಲ್ಲಿ, ಇಂಗ್ಲಿಷ್ ಪ್ರಕಟಣೆ ಓದಲಾಗದವರು ಇಂಗ್ಲಿಷಿನಲ್ಲಿ ಪ್ರಬಂಧ ಹೇಗೆ ಬರೆದಾರು? ಈ ಪ್ರಶ್ನೆ ಕೇಳುವವರಿಗೆ ನಮ್ಮ ಮನೆಗಳು ಗೊತ್ತಿಲ್ಲ. ಬಜಗೋಳಿಯ ಆ ಹುಡುಗಿಗೆ ಇಂಗ್ಲಿಷ್ ಓದಲು ಬರುತ್ತದೆ. ಆದರೆ ಆರು ವಾರ ಬೆಂಗಳೂರಿಗೋ ಕೊಡೈಕೆನಾಲಿಗೋ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸುವವಳು ಅವಳೊಬ್ಬಳೇ ಅಲ್ಲ. ಆ ತೀರ್ಮಾನ ಆಗುವುದು ಮನೆಯ ಚಾವಡಿಯಲ್ಲಿ, ತುಳುವಿನಲ್ಲೋ ಕನ್ನಡದಲ್ಲೋ. ಅಪ್ಪ ಕೇಳುತ್ತಾರೆ, ಉಳಿಯುವುದು ಎಲ್ಲಿ? ಅಮ್ಮ ಕೇಳುತ್ತಾರೆ, ಜೊತೆಗೆ ಯಾರು? ಮಾವ ಕೇಳುತ್ತಾರೆ, ದುಡ್ಡು ಕಟ್ಟಬೇಕೋ, ಅವರೇ ಕೊಡುತ್ತಾರೋ, ಇದರಿಂದ ಮುಂದೆ ಕೆಲಸ ಸಿಗುತ್ತದೋ? ಸರಕಾರದ ದೊಡ್ಡ ಸಂಸ್ಥೆಯ ಹೆಸರಿನಲ್ಲಿ, ಅವರಿಗೆ ಓದಲು ಬರುವ ಭಾಷೆಯಲ್ಲಿ ಒಂದು ಕಾಗದ ಮುಂದಿದ್ದರೆ ಈ ಪ್ರಶ್ನೆಗಳಿಗೆ ಐದು ನಿಮಿಷದಲ್ಲಿ ಉತ್ತರ. ಇಲ್ಲದಿದ್ದರೆ ಆ ಇಪ್ಪತ್ತರ ಹುಡುಗಿಯೇ ಸಂಸ್ಥೆಯ ವಕೀಲಳಾಗಿ ವಾದಿಸಬೇಕು. ಗೆಲ್ಲುವವರು ಕಡಿಮೆ.

ಎರಡನೆಯ ಆಕ್ಷೇಪ: ಆಸಕ್ತಿ ಇದ್ದವರು ತಾವೇ ಹುಡುಕಿಕೊಳ್ಳುತ್ತಾರೆ. ಈ ನ್ಯಾಯ ಬೇರೆ ಯಾವುದಕ್ಕೆ ಅನ್ವಯಿಸುತ್ತದೆ ಹೇಳಿ. ಉಡುಪಿಯಿಂದ ಕಾರ್ಕಳದವರೆಗೆ ರಸ್ತೆ ಬದಿಯಲ್ಲಿ ನೀಟ್, ಸಿಇಟಿ, ಜೆಇಇ ತರಬೇತಿಯ ಫ್ಲೆಕ್ಸುಗಳನ್ನು ಎಣಿಸಿಕೊಂಡು ಹೋಗಿ. ವೈದ್ಯನಾಗಬೇಕೆಂಬ ಆಸಕ್ತಿಯನ್ನು ಪ್ರತಿ ಬಸ್ ನಿಲ್ದಾಣದಲ್ಲಿ ಕೂಗಿ ಎಬ್ಬಿಸುತ್ತೇವೆ. ಖಭೌತ ಸಂಸ್ಥೆಗಳಿಗೆ ಸೇರಲು ಬರೆಯಬೇಕಾದ ಜೆಸ್ಟ್ ಪರೀಕ್ಷೆಯ ಹೆಸರನ್ನು ಮಾತ್ರ ಮಕ್ಕಳು ಕನಸಿನಲ್ಲಿ ಕಾಣಬೇಕು ಎನ್ನುತ್ತೇವೆ. ಬೆಂಗಳೂರಿನಲ್ಲೇ ಕಚೇರಿಯಿರುವ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಅಕಾಡೆಮಿಗಳೊಂದಿಗೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತದೆ, ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಅಧ್ಯಾಪಕರಿಗೂ. ಇದು ಗೊತ್ತಿರುವ ಅಧ್ಯಾಪಕರಿರುವ ಕಾಲೇಜಿನಿಂದ ಪ್ರತಿ ವರ್ಷ ಅರ್ಜಿ ಹೋಗುತ್ತದೆ, ಗೊತ್ತಿಲ್ಲದ ಕಾಲೇಜಿನಿಂದ ಹೋಗುವುದೇ ಇಲ್ಲ. ಇದರಲ್ಲಿ ಮಕ್ಕಳ ಆಸಕ್ತಿಯ ಮಾತು ಎಲ್ಲಿ ಬಂತು?

ಮೂರನೆಯದು: ಸೀಟು ಇರುವುದೇ ಬೆರಳೆಣಿಕೆಯಷ್ಟು, ಸಾವಿರಾರು ಜನಕ್ಕೆ ತಿಳಿಸಿ ಏನು ಪ್ರಯೋಜನ? ಸೀಟು ಕಡಿಮೆ ಇದ್ದಷ್ಟೂ ಎಲ್ಲರಿಗೂ ತಿಳಿಸಬೇಕು. ಸುದ್ದಿ ಮುಟ್ಟಿದ ನಾಲ್ಕು ನಗರಗಳಿಂದಲೇ ಆರಿಸಿ ಪ್ರತಿಭೆಯನ್ನು ಆರಿಸಿದೆವು ಎಂದರೆ ಆ ಮಾತಿಗೆ ಅರ್ಥವಿಲ್ಲ. ಸಾಲದ್ದಕ್ಕೆ, ದೂರದರ್ಶಕಕ್ಕೆ ಬೇಕಾದವರು ಖಗೋಳಜ್ಞರು ಮಾತ್ರವಲ್ಲ. ಆಂಟೆನಾ, ಮೋಟಾರು, ತಂತ್ರಾಂಶ, ಕನ್ನಡಿಯ ಲೇಪನ, ಎಲ್ಲಕ್ಕೂ ಎಂಜಿನಿಯರುಗಳು, ಡಿಪ್ಲೊಮಾ ಓದಿದವರು ಬೇಕು. ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಏಳುತ್ತಿರುವ ಎಸ್‌ಕೆಎ ರೇಡಿಯೋ ದೂರದರ್ಶಕಕ್ಕೆ ಭಾರತ ಸುಮಾರು 1,250 ಕೋಟಿ ರೂಪಾಯಿ ಕೊಡಲು ಒಪ್ಪಿದೆ. ಆ ತೆರಿಗೆಯಲ್ಲಿ ಬಜಗೋಳಿಯ ಅಂಗಡಿಯವನ ಪಾಲೂ ಇದೆ.

ಆಮೇಲೆ, ನಮ್ಮ ಜಿಲ್ಲೆಯಲ್ಲಿ ತಪ್ಪದೆ ಬರುವ ಮಾತು: ಯು.ಆರ್. ರಾವ್ ಹೋಗಲಿಲ್ಲವೇ? ಹೌದು, 1932ರಲ್ಲಿ ಅದಮಾರಿನಲ್ಲಿ ಹುಟ್ಟಿ, ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿ, 1975ರಲ್ಲಿ ಆರ್ಯಭಟ ಉಪಗ್ರಹ ಕಟ್ಟಿಸಿದವರು ಅವರು. ಅವರ ಹೆಸರು ನಮ್ಮ ಹೆಮ್ಮೆ. ಆದರೆ ಒಬ್ಬರು ಕಾಡು ಕಡಿದುಕೊಂಡು ಹೋದರೆಂದು ಅಲ್ಲಿ ರಸ್ತೆ ಇದೆ ಎನ್ನಲಾಗದು. ಅವರ ಭಾವಚಿತ್ರಕ್ಕೆ ಹಾರ ಹಾಕುವ ಸಭೆಯಲ್ಲೇ ಆ ವರ್ಷದ ಅರ್ಜಿಗಳ ಕೊನೆಯ ದಿನಾಂಕಗಳನ್ನು ಓದಿ ಹೇಳಿದರೆ ಹಾರಕ್ಕಿಂತ ಹೆಚ್ಚಿನ ಗೌರವವಾದೀತು.

ಪತ್ರಿಕೆಗಳನ್ನೂ ಕೇಳಬೇಕು. ದಿನಾ ಹನ್ನೆರಡು ರಾಶಿಗಳ ಫಲಕ್ಕೆ ಜಾಗವಿದೆ, ವರ್ಷಕ್ಕೆ ಹನ್ನೆರಡು ಪ್ರಕಟಣೆಗಳಿಗೆ ಇಲ್ಲವೇ? ನಕ್ಷತ್ರವನ್ನು ಎಷ್ಟೋ ಕವಿತೆಗಳಲ್ಲಿ ದುಡಿಸಿಕೊಂಡ ಸಾಹಿತ್ಯ ಲೋಕವೂ ಈ ಕೆಲಸ ತನ್ನದಲ್ಲ ಎಂದು ಜಾರಿಕೊಳ್ಳುವಂತಿಲ್ಲ. ಶಿವರಾಮ ಕಾರಂತರು ಮಕ್ಕಳಿಗೆ, ದೊಡ್ಡವರಿಗೆ ವಿಜ್ಞಾನ ಬರೆದದ್ದು ಇದೇ ಜಿಲ್ಲೆಯಲ್ಲಿ ಹುಟ್ಟಿ. ಜಿ.ಟಿ. ನಾರಾಯಣರಾವ್ ಕನ್ನಡಿಗರಿಗೆ ನಕ್ಷತ್ರಗಳನ್ನು ಹೆಸರು ಹಿಡಿದು ಗುರುತಿಸಲು ಕಲಿಸಿದರು. ಅವರ ಕಾಲಕ್ಕೆ ವಿವರಣೆ ಬೇಕಿತ್ತು, ಅದನ್ನು ಕೊಟ್ಟರು. ಈ ಕಾಲಕ್ಕೆ ಬಾಗಿಲಿನ ವಿಳಾಸ ಬೇಕು.

ಬೇಡಿಕೆ ದೊಡ್ಡದಲ್ಲ. ಕರ್ನಾಟಕದಲ್ಲಿರುವ ಖಗೋಳ ಸಂಸ್ಥೆಗಳು ಪ್ರತಿ ಅರ್ಜಿ ಪ್ರಕಟಣೆಯ ಜೊತೆಗೇ, ಅದೇ ದಿನ, ಕನ್ನಡದ ಒಂದು ಪುಟ ಹೊರಡಿಸಲಿ. ಅರ್ಹತೆ ಏನು, ಎಷ್ಟು ವಾರ, ಉಳಿಯಲು ಎಲ್ಲಿ ವ್ಯವಸ್ಥೆ, ಹಣ ಎಷ್ಟು ಕೊಡುತ್ತಾರೆ, ವಿಚಾರಿಸಲು ಯಾರಿಗೆ ಫೋನ್ ಮಾಡಬೇಕು ಎಂದು ಅದರಲ್ಲಿರಲಿ. ವಿಶ್ವವಿದ್ಯಾಲಯಗಳು ಅದನ್ನು ಪ್ರತಿ ವಿಜ್ಞಾನ ಕಾಲೇಜಿಗೆ, ಪಂಚಾಯತಿಗಳು ತಮ್ಮ ಗ್ರಂಥಾಲಯಕ್ಕೆ ತಲುಪಿಸಲಿ. ಅನುವಾದಕ್ಕೆ ಜನ ಇಲ್ಲ ಎಂದು ಸಂಸ್ಥೆಗಳು ಹೇಳಿದರೆ, ಈ ಪತ್ರಿಕೆಯನ್ನು ಓದುವವರಲ್ಲೇ ಒಂದು ಸಂಜೆಯಲ್ಲಿ ಆ ಕೆಲಸ ಮುಗಿಸಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ಮುಂದಿನ ಬೇಸಿಗೆಯ ಅರ್ಜಿಗಳು ಮಳೆಗಾಲ ಮುಗಿದ ಬೆನ್ನಿಗೇ ಶುರುವಾಗುತ್ತವೆ. ಅಷ್ಟರೊಳಗೆ ಮೊದಲ ಪುಟ ಸಿದ್ಧವಾಗಲಿ.