ಮೌನವನ್ನು ಶಾಂತಿಯೆಂದು ಕರೆಯಬೇಡಿ

ವೃದ್ಧಾಶ್ರಮಕ್ಕೆ ಭೇಟಿಯಿತ್ತು ಹಿಂದಿರುಗುವವರು ಸಾಮಾನ್ಯವಾಗಿ ಆಡುವ ಮಾತೊಂದಿದೆ: "ಎಲ್ಲರೂ ಶಾಂತವಾಗಿದ್ದಾರೆ, ಯಾರದೂ ದೂರಿಲ್ಲ." ಪ್ರಿಯ ಓದುಗರೇ, ಆ ಶಾಂತಿಯನ್ನು ಅಷ್ಟು ಸುಲಭವಾಗಿ ನಂಬಬೇಡಿ. ಊಟ ಸೇರದೆ, ನಿದ್ರೆ ಬಾರದೆ, ಮಾತೂ ಬೇಡವಾಗಿ ಗೋಡೆಯತ್ತ ಮುಖಮಾಡಿ ಮಲಗಿದವರೂ ದೂರು ಹೇಳುವುದಿಲ್ಲ. ಅನೇಕ ವೇಳೆ ಅದು ಶಾಂತಿಯಲ್ಲ, ಖಿನ್ನತೆಯೆಂಬ ಕಾಯಿಲೆ.

ಇದಕ್ಕೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. "ವಯಸ್ಸಾಯಿತಲ್ಲ" ಎಂಬುದು ಒಂದು. "ಪ್ರಾರ್ಥನೆ ಮಾಡಿ, ಸರಿಹೋಗುತ್ತದೆ" ಎಂಬುದು ಇನ್ನೊಂದು. ಖಿನ್ನತೆ ಮುಪ್ಪಿನ ಸಹಜ ಅಂಗವಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಚಿಕಿತ್ಸೆಗೆ ಬಗ್ಗುವ ಕಾಯಿಲೆ ಅದು. ಸಕ್ಕರೆ ಕಾಯಿಲೆಗೆ ಮಾತ್ರೆಯೂ ಬೇಕು, ಜಪಮಾಲೆಯೂ ಬೇಕು. ಮನಸ್ಸಿನ ಕಾಯಿಲೆಗೆ ಮಾತ್ರ ಜಪಮಾಲೆಯೊಂದೇ ಸಾಕೆನ್ನುವುದು ಯಾವ ನ್ಯಾಯ?

2017-18ರಲ್ಲಿ ನಡೆದ ವೃದ್ಧಾಪ್ಯ ಕುರಿತ ರಾಷ್ಟ್ರೀಯ ಸಮೀಕ್ಷೆಯಲ್ಲಿ, 60 ವರ್ಷ ದಾಟಿದವರ ಪೈಕಿ ಶೇಕಡಾ 8ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣಗಳು ಕಂಡುಬಂದವು. ಖಿನ್ನತೆಯಿದೆಯೆಂದು ವೈದ್ಯರಿಂದ ತಿಳಿದುಕೊಂಡಿದ್ದವರು ಶೇಕಡಾ 1ಕ್ಕೂ ಕಡಿಮೆ. ಅದು ಮನೆಗಳಲ್ಲಿರುವವರ ಲೆಕ್ಕ. ಮನೆ, ಸಂಗಾತಿ, ನೆರೆಹೊರೆ ಎಲ್ಲವನ್ನೂ ಬಿಟ್ಟು ಆಶ್ರಮ ಸೇರಿದವರ ಪಾಡೇನು?

ಆಶ್ರಮ ನಡೆಸುವವರನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಮಕ್ಕಳೂ ಮಾಡದ ಸೇವೆಯನ್ನು ಅವರು ಮಾಡುತ್ತಿದ್ದಾರೆ. ಆದರೆ ಏಳುವ ಹೊತ್ತು, ಉಣ್ಣುವ ಅಡುಗೆ, ಕೂರುವ ಜಾಗ ಎಲ್ಲವನ್ನೂ ಬೇರೆಯವರೇ ನಿರ್ಧರಿಸುವಲ್ಲಿ ಮನಸ್ಸು ಬಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಸೂಚಿಸಿತು. ಸಣ್ಣಪುಟ್ಟ ತೀರ್ಮಾನಗಳನ್ನು ತಾವೇ ಕೈಗೊಂಡು, ಒಂದು ಗಿಡವನ್ನು ತಾವೇ ಸಾಕಿದ ವೃದ್ಧರು, ಎಲ್ಲವನ್ನೂ ಸಿಬ್ಬಂದಿಯಿಂದ ಮಾಡಿಸಿಕೊಂಡವರಿಗಿಂತ ಹೆಚ್ಚು ಲವಲವಿಕೆಯಿಂದಿದ್ದರು.

ಕ್ರಿಸ್ಮಸ್ ಬಂದೊಡನೆ ಕೇಕು, ಕಂಬಳಿ ಹಂಚಿ, ಫೋಟೊ ತೆಗೆಸಿಕೊಂಡು ಮರಳುವ ನಮ್ಮ ಸಂಘಗಳಿಗೂ ಒಂದು ಮಾತು. ಅವರಿಗೆ ಬೇಕಾದುದು ಮತ್ತೊಂದು ಕಂಬಳಿಯಲ್ಲ. ತಿಂಗಳಿಗೊಮ್ಮೆ ಅದೇ ವ್ಯಕ್ತಿ ಅದೇ ಹಿರಿಯರ ಬಳಿ ಹೋಗಿ ಕುಳಿತುಕೊಳ್ಳಲಿ. ರಕ್ತದೊತ್ತಡ ಅಳೆಯುವ ಆಶ್ರಮಗಳು ಮನಸ್ಸಿನ ಭಾರವನ್ನೂ ಅಳೆಯಲಿ. ಅದಕ್ಕೆಂದೇ ಹೌದು-ಇಲ್ಲ ಎಂದು ಉತ್ತರಿಸಬಹುದಾದ 15 ಪ್ರಶ್ನೆಗಳ ಪಟ್ಟಿಯೊಂದು ವೈದ್ಯರ ಬಳಿಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಸಲಹೆ ಉಚಿತ, ಕನ್ನಡದಲ್ಲೂ ದೊರೆಯುತ್ತದೆ.

ಇನ್ನು ಮಕ್ಕಳಿಗೆ: ತಿಂಗಳ ಹಣ ತಪ್ಪದೆ ಕಟ್ಟಿದೊಡನೆ ಋಣ ತೀರಿತೆಂದು ಭಾವಿಸಬೇಡಿ. ನಿಮ್ಮ ತಾಯಿ "ಚೆನ್ನಾಗಿದ್ದೇನೆ ಮಗು" ಎಂದಾಗ, ಇನ್ನೊಮ್ಮೆ ಕೇಳಿ. ಉತ್ತರ ಬರುವವರೆಗೂ ಅಲ್ಲಿಂದ ಏಳಬೇಡಿ.