ಒಂದು ಅಂಕದ ಪ್ರಶ್ನೆಯಾದ ಪದಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಗುಂಪಿನಲ್ಲಿ ಮೊನ್ನೆ ಒಬ್ಬ ಕೇಳಿದ: '2025ರಲ್ಲಿ ಪದ್ಮಶ್ರೀ ಬಂದ ಗೊಂದಲಿ ಹಾಡುಗಾರ ಯಾರು?' ಐದಾರು ಮಂದಿ ಒಟ್ಟಿಗೇ ಕೂಗಿದೆವು, 'ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ!' ಉತ್ತರ ಸರಿ ಇತ್ತು. 'ಅವರ ಪದ ಯಾರ್ಯಾರು ಕೇಳೀರಿ?' ಎಂದ ಮೂಲೆಯಲ್ಲಿದ್ದ ಗೆಳೆಯ. ಎಲ್ಲರೂ ಸುಮ್ಮನಾದೆವು. ಅವನು ಗೊಂದಲಿಗರ ಮನೆಯ ಹುಡುಗ.

ನಮ್ಮೂರು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ. ಸುಗತೇಕರ ಅವರು ನಮ್ಮ ಜಿಲ್ಲೆಯವರೇ. ಸಾವಿರಕ್ಕೂ ಮಿಕ್ಕಿ ಪದ ಹಾಡಿದವರು, ದುಡ್ಡು ಪಡೆಯದೆ ನೂರಾರು ಜನರಿಗೆ ಕಲಿಸಿದವರು. ನೋಟ್ಸಿನಲ್ಲಿ ಇಷ್ಟು ಸಿಗುತ್ತದೆ. ಗೊಂದಲ ಅಂದರೆ ಏನೆಂಬುದು ಅದರಲ್ಲಿಲ್ಲ. (ನಮ್ಮ ಪೀಳಿಗೆಗೆ ಗೊಂದಲ ಅಂದರೆ ಕಟ್‌ಆಫ್ ಬಂದ ದಿನದ ಮನಸ್ಥಿತಿ, ಅಷ್ಟೇ!)

ಚಿಕ್ಕವನಿದ್ದಾಗ ಸೋದರಮಾವನ ಮದುವೆ ಮುಗಿದ ರಾತ್ರಿ ನೋಡಿದ್ದು ನೆನಪಿದೆ. ಮನೆ ಮುಂದೆ ಕಲಶ ಇಟ್ಟು, ಮೇಲೆ ಐದು ಕಬ್ಬು ಕೂಡಿಸಿ ಕಟ್ಟಿದ್ದರು. ಪಕ್ಕದಲ್ಲಿ ಎಣ್ಣೆ ಕುಡಿಯುತ್ತ ಉರಿಯುವ ದೀವಟಿಗೆ. ಸಂಬಾಳದ ಬಡಿತ, ತುಂತುಣಿಯ ನಾದ, ತಾಳ. ಮೊದಲು ತುಳಜಾಪುರದ ಅಂಬಾಬಾಯಿ, ಸವದತ್ತಿ ಎಲ್ಲಮ್ಮ, ಹೀಗೆ ಊರೂರ ದೇವರನ್ನು ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ಕಥೆ. ಒಬ್ಬ ಹಾಡಿದರೆ ಇನ್ನೊಬ್ಬ ನಡುವೆ ಬಾಯಿ ಹಾಕಿ ಏನೋ ಕೇಳಿ ನಗಿಸುತ್ತಾನೆ. ನಾನು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿ, ಎದ್ದು, ಮತ್ತೆ ಮಲಗಿದೆ. ಕಥೆ ಮಾತ್ರ ನಿಂತಿರಲಿಲ್ಲ.

ಹೋದ ವರ್ಷ ನಮ್ಮಣ್ಣನ ಮದುವೆಗೆ ಡಿಜೆ ಬೇಕೆಂದು ಹಟ ಹಿಡಿದವನು ನಾನೇ. ಅದಕ್ಕೆ ಮೂವತ್ತು ಸಾವಿರ ಕೊಟ್ಟೆವು. ಅವ್ವನ ಒತ್ತಾಯಕ್ಕೆ ಗೊಂದಲವನ್ನೂ ಹಾಕಿಸಿದೆವು, ಒಂದೇ ತಾಸು. ಅದಕ್ಕೂ ಎರಡು ಸಾವಿರಕ್ಕೆ ಚೌಕಾಸಿ ಮಾಡಿದೆ. ದೇವರನ್ನು ಕರೆಯುವುದು ಮುಗಿಯುವಷ್ಟರಲ್ಲೇ ಡಿಜೆ ಶುರುವಾಯಿತು. ಅವರು ಕಥೆಗೆ ಬರಲೇ ಇಲ್ಲ.

'ನೀನರ ಯಾಕ ಕಲಿಯಲಿಲ್ಲೋ?' ಎಂದು ಆ ಗೆಳೆಯನನ್ನು ಕೇಳಿದೆ. 'ಎರಡ ಸಾವಿರಕ್ಕ ನಾಕ ಮಂದಿ. ನೀನ ಲೆಕ್ಕಾ ಹಾಕು' ಅಂದ. ಲೆಕ್ಕ ಹಾಕಲು ಕ್ಯಾಲ್ಕುಲೇಟರ್ ಬೇಕಿರಲಿಲ್ಲ.

ಆದ್ದರಿಂದ 'ಯುವಕರು ಕಲೆ ಉಳಿಸಬೇಕು' ಎಂಬ ವೇದಿಕೆ ಭಾಷಣಗಳು ನನಗೆ ಹಿಡಿಸುವುದಿಲ್ಲ. ಉಳಿಸಬೇಕಾದವನು ಅವನೊಬ್ಬನೇ ಏಕೆ? ಪ್ರಶಸ್ತಿ ಒಬ್ಬರಿಗೆ ಬರುತ್ತದೆ, ಬರಲಿ, ಹೆಮ್ಮೆಯೇ. ಗೊಂದಲಿಗರ ಮನೆಯ ಒಲೆ ಉರಿಯುವುದು ಮಾತ್ರ ನಮ್ಮಂಥವರ ಮನೆಯ ಮದುವೆಗಳಿಂದ. ನಾವು ಇಡೀ ರಾತ್ರಿ ಕರೆದರೆ, ಡಿಜೆಗೆ ಕೊಡುವಷ್ಟನ್ನೇ ಚೌಕಾಸಿಯಿಲ್ಲದೆ ಕೊಟ್ಟರೆ, ಕಲಿಯಬೇಕೋ ಬೇಡವೋ ಎಂದು ಅವನು ಯೋಚಿಸಲಾದರೂ ಸಾಧ್ಯ. ಇದಕ್ಕೆ ಸರಕಾರ ಬರಬೇಕೇ? ಸರಕಾರದ ದಾರಿ ಕಾಯದೆ, 1989ರಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜ್ ಕಟ್ಟಿದ ಊರು ನಮ್ಮದು. ಸಿದ್ದು ನ್ಯಾಮಗೌಡರ ಹೆಸರೂ ನಮ್ಮ ನೋಟ್ಸಿನಲ್ಲಿದೆ, ಒಂದು ಅಂಕಕ್ಕೆ.

ಬರುವ ಬೇಸಿಗೆಯಲ್ಲಿ ತಂಗಿಯ ಮದುವೆ. ಗೆಳೆಯನ ಅಪ್ಪನಿಗೆ ಇಡೀ ರಾತ್ರಿಗೆಂದು ಹೇಳಿ ಮುಂಗಡ ಕೊಟ್ಟು ಬಂದೆ. ಮಗನಿಗೆ ಆ ವಾರವೇ ಪರೀಕ್ಷೆ ಬಿದ್ದರೆ ಒಬ್ಬ ಕಡಿಮೆಯಾಗುತ್ತಾನಂತೆ. ಅವರು ನನ್ನನ್ನೇ ನೋಡಿ ಕೇಳಿದರು: 'ತಾಳಾ ಹಿಡಿಯಾಕ ಬರತೈತೇನು?'