ಹಿಮದ ನಾಡಿನಲ್ಲಿ ಊಟದ ಹೊತ್ತು

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ಹಿರಿಯರ ಮಾತು. ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದನ್ನು ಬಲ್ಲವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯಾವಾಗ, ಎಲ್ಲಿ, ಯಾವ ಮನಸ್ಸಿನಿಂದ ಉಣ್ಣಬೇಕೆಂಬುದನ್ನು ಬಲ್ಲವರು ಮಾತ್ರ ವಿರಳ. ಈ ವಿದ್ಯೆಗೆ ಕಠಿಣವಾದ ಪರೀಕ್ಷೆ ನಡೆಯುವುದು ಆಲ್ಪ್ಸ್ ಪರ್ವತಗಳ ಸ್ಕೀ ತಾಣಗಳಲ್ಲಿ. ಪರೀಕ್ಷೆಯ ವೇಳೆ, ಮಧ್ಯಾಹ್ನ ಹನ್ನೆರಡೂವರೆ ಗಂಟೆ.

ಬೆಳಗಿನಿಂದ ಹಿಮದ ಇಳಿಜಾರುಗಳಲ್ಲಿ ಚೆದರಿಹೋಗಿದ್ದ ಸಾವಿರಾರು ಮಂದಿಗೆ ಆ ಹೊತ್ತಿಗೆ ಏಕಕಾಲದಲ್ಲಿ ಹಸಿವಾಗುತ್ತದೆ. ಎಲ್ಲರೂ ರೋಪ್‌ವೇ ನಿಲ್ದಾಣದ ಮಗ್ಗುಲಿನ ದೊಡ್ಡ ಉಪಾಹಾರಗೃಹಕ್ಕೇ ಮುತ್ತಿಗೆ ಹಾಕುತ್ತಾರೆ. ಕಾಲಿನಲ್ಲಿ ಮಣಿಯಲೊಲ್ಲದ ಬಿರುಸಾದ ಬೂಟು. ಕೈಯಲ್ಲಿ ಬಿಸಿ ಸೂಪು ತುಳುಕುವ ತಟ್ಟೆ. ನೆಲದ ಮೇಲೆ ಕರಗಿದ ಹಿಮದ ನೀರು. ಎಲ್ಲಿಯೋ ಕಳೆದುಹೋದ ಮಗುವಿನ ಕೈಗವಸು. ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು, ಅವರು ಯಾವಾಗ ಏಳುವರೋ ಎಂದು ಕಾಯುವವರನ್ನು ನೋಡಿದರೆ ನಮ್ಮ ಮದುವೆಮನೆಗಳ ಎರಡನೆಯ ಪಂಕ್ತಿ ನೆನಪಾಗದಿರದು. ಮದುವೆಮನೆಯಲ್ಲಾದರೂ ಬಡಿಸುವವರು ಎಲೆಯ ಬಳಿಗೆ ಬರುತ್ತಾರೆ. ಇಲ್ಲಿ ಸಾಲಿನಲ್ಲಿ ನಿಂತವನೇ ತನಗೂ ತನ್ನ ಸಂಸಾರಕ್ಕೂ ಹೊತ್ತು ತರಬೇಕು.

ಇಷ್ಟೆಲ್ಲ ಪಾಡುಪಟ್ಟು ಕುಳಿತರೂ ಮನೆಯ ಯಜಮಾನನಿಗೆ ನಿಧಾನವಿಲ್ಲ. ದಿನದ ಟಿಕೆಟ್ಟಿಗೆ ತೆತ್ತ ಹಣ ಅವನ ತಲೆಯಲ್ಲಿ ಗುಯ್‌ಗುಡುತ್ತಿರುತ್ತದೆ. ಕುಳಿತ ಒಂದೊಂದು ನಿಮಿಷವೂ ನಷ್ಟವೆಂದು ಲೆಕ್ಕಹಾಕಿ, ಹೆಂಡತಿ ಮಕ್ಕಳನ್ನು ಅರೆಯೂಟದಲ್ಲಿಯೇ ಎಬ್ಬಿಸುತ್ತಾನೆ. ಈ ಲೆಕ್ಕದಲ್ಲಿ ಒಂದು ತಪ್ಪಿದೆ. ಚಳಿಯೂ ಎತ್ತರವೂ ದೇಹದ ಶಕ್ತಿಯನ್ನು ಹೀರುತ್ತವೆ. ಮೈಯ ನೀರು ಬತ್ತಿದರೂ ಚಳಿಯಲ್ಲಿ ಬಾಯಾರಿಕೆ ಅಷ್ಟಾಗಿ ತಿಳಿಯುವುದಿಲ್ಲ. ದಣಿದ ಕಾಲು ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಸ್ಕೀ ಆಟದಲ್ಲಿ ಹೆಚ್ಚಾಗಿ ಪೆಟ್ಟಾಗುವುದು ಮೊಣಕಾಲಿಗೆ. ಅಲ್ಲಿಯ ಕಟ್ಟು ಒಮ್ಮೆ ಹರಿದರೆ ರಜೆಯೊಂದಿಗೆ ಮುಂದಿನ ಎಷ್ಟೋ ತಿಂಗಳುಗಳೂ ಹೋದಂತೆಯೇ. ಅರ್ಧ ಗಂಟೆಯನ್ನು ಉಳಿಸಹೋಗಿ ಅರ್ಧ ವರ್ಷವನ್ನು ಕಳೆದುಕೊಳ್ಳುವುದು ಯಾವ ಜಾಣತನ?

ಹಾಗಾದರೆ ನೆಮ್ಮದಿಯ ಊಟ ಎಲ್ಲಿದೆ? ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಊರನ್ನೇ ನೋಡಬಹುದು. 4,478 ಮೀಟರ್ ಎತ್ತರದ ಮ್ಯಾಟರ್‌ಹಾರ್ನ್ ಶಿಖರದ ಅಡಿಯಲ್ಲಿರುವ ಈ ಊರಿಗೆ 1891ರಲ್ಲಿಯೇ ರೈಲು ಬಂದಿತು. ಪ್ರವಾಸಿಗರ ಪೆಟ್ರೋಲ್ ಕಾರುಗಳಿಗೆ ಇಂದಿಗೂ ಪ್ರವೇಶವಿಲ್ಲ. 1980ರಿಂದ ಬೆಟ್ಟದ ಒಡಲೊಳಗಿನ ಸುರಂಗದಲ್ಲಿ ಓಡುತ್ತಿರುವ ಬಂಡಿಯೊಂದು ಕೆಲವೇ ನಿಮಿಷಗಳಲ್ಲಿ 2,288 ಮೀಟರ್ ಎತ್ತರದ ಸುನ್ನೆಗಾ ನಿಲ್ದಾಣಕ್ಕೆ ಜನರನ್ನು ಮುಟ್ಟಿಸುತ್ತದೆ. ಜನಜಂಗುಳಿ ಅಲ್ಲಿಂದ ಇನ್ನೂ ಮೇಲಕ್ಕೆ ಏರುತ್ತದೆ. ಬಲ್ಲವರು ಮಾತ್ರ ತುಸು ಕೆಳಕ್ಕೆ, ಫಿಂಡೆಲ್ನ್ ಎಂಬ ಪುಟ್ಟ ಹಳ್ಳಿಗೆ ಇಳಿಯುತ್ತಾರೆ. ಸ್ಕೀ ಬಾರದವರು ನಡೆದೇ ಇಳಿಯಬಹುದು.

ಬಿಸಿಲಿಗೆ ಕಪ್ಪಗಾದ ಲಾರ್ಚ್ ಮರದ ಹತ್ತಾರು ಮನೆಗಳು, ಒಂದು ಬಿಳಿಯ ಪ್ರಾರ್ಥನಾಮಂದಿರ, ಎದುರಿಗೆ ಮ್ಯಾಟರ್‌ಹಾರ್ನ್: ಇಷ್ಟೇ ಊರು. ಇಲ್ಲಿಯ ಕಣಜಗಳನ್ನು ಮೋಟುಗಾಲುಗಳ ಮೇಲೆ ನಿಲ್ಲಿಸಿ, ಪ್ರತಿಯೊಂದು ಕಾಲಿನ ನೆತ್ತಿಗೂ ಚಪ್ಪಟೆಯಾದ ದುಂಡುಕಲ್ಲನ್ನಿಟ್ಟಿದ್ದಾರೆ. ಕಾಲನ್ನು ಹತ್ತಿದ ಇಲಿ ಕಲ್ಲಿನ ಅಂಚನ್ನು ದಾಟಲಾರದೆ ಹಿಂದಿರುಗಬೇಕು. ಸುಮಾರು 2,100 ಮೀಟರ್ ಎತ್ತರದ ಈ ಇಳಿಜಾರುಗಳಲ್ಲಿ ಹಿಂದಿನವರು ರೈ ಎಂಬ ಧಾನ್ಯವನ್ನು ಬೆಳೆಯುತ್ತಿದ್ದರು. ಈ ಸೀಮೆಯ ಹಳ್ಳಿಗಳಲ್ಲಿ ಊರಿಗೆಲ್ಲ ಒಂದೇ ಒಲೆ. ವರ್ಷಕ್ಕೆ ಎರಡು ಮೂರು ಸಲ ಮಾತ್ರ ರೊಟ್ಟಿ ಸುಡುತ್ತಿದ್ದರು. ಕಲ್ಲಿನಂತಾದ ಆ ರೊಟ್ಟಿಯೇ ತಿಂಗಳುಗಟ್ಟಲೆ ಆಹಾರ. ಒಂದು ಕಾಳು ಇಲಿಯ ಪಾಲಾದರೂ ಮನೆಮಂದಿಯ ತುತ್ತು ಕಡಿಮೆಯಾಗುತ್ತಿದ್ದ ನೆಲದಲ್ಲಿ ಇಂದು ಜನ ವಿರಾಮದ ಊಟಕ್ಕಾಗಿ ಕುಳಿತುಕೊಳ್ಳುತ್ತಾರೆ.

ಊಟವೂ ಆ ಬಡತನದಿಂದಲೇ ಬಂದದ್ದು. ಆಲೂಗೆಡ್ಡೆಯನ್ನು ತುರಿದು ಬಾಣಲೆಯಲ್ಲಿ ಹೊಂಬಣ್ಣಕ್ಕೆ ಹುರಿದರೆ ರೋಸ್ಟಿ. ಚೀಸನ್ನು ಉರಿಗೆ ಹಿಡಿದು, ಕರಗಿದ ಪದರವನ್ನು ಬೇಯಿಸಿದ ಆಲೂಗೆಡ್ಡೆಯ ಮೇಲೆ ಹೆರೆದು ಬಡಿಸಿದರೆ ರಾಕ್ಲೆಟ್. ಸಸ್ಯಾಹಾರಿಗಳು ಕೇಳಿ ತಿಳಿದುಕೊಳ್ಳುವುದು ಲೇಸು: ರೋಸ್ಟಿಯಲ್ಲಿ ಹಂದಿಮಾಂಸದ ಚೂರುಗಳು ಸೇರಿರುವುದುಂಟು, ಅಲ್ಲಿಯ ಹಲವು ಚೀಸುಗಳ ಹಾಲನ್ನು ಕರುವಿನ ಜಠರದ ರಸದಿಂದ ಹೆಪ್ಪುಗಟ್ಟಿಸುತ್ತಾರೆ.

ಫಿಂಡೆಲ್ನ್ ಕೂಡ ಈಗ ಹೆಸರಾದ ಸ್ಥಳವೇ. ಸ್ಥಳ ಕಾದಿರಿಸದೆ ಹೋದವರು ಹಿಂದಿರುಗಬೇಕಾದೀತು. ಆದ್ದರಿಂದ ಎರಡನೆಯ ಉಪಾಯವೆಂದರೆ ಗಡಿಯಾರ. ಹನ್ನೊಂದೂವರೆಗೆ ಕುಳಿತವನಿಗೆ ಬಿಸಿಲಿನ ಮೇಜು ದೊರೆಯುತ್ತದೆ. ಎಲ್ಲರೂ ಉಣ್ಣುವಾಗ ಬರಿದಾದ ಇಳಿಜಾರೂ ದೊರೆಯುತ್ತದೆ. ಎರಡು ಗಂಟೆಗೆ ಹೋದರೂ ಗದ್ದಲವಿಲ್ಲ. ಆದರೆ ಚಳಿಗಾಲದ ಸೂರ್ಯ ಶಿಖರದ ಮರೆಗೆ ಬೇಗ ಸರಿಯುತ್ತಾನೆ, ಕೊನೆಯ ಬಂಡಿ ಯಾರಿಗಾಗಿಯೂ ಕಾಯುವುದಿಲ್ಲ. ಊಟದೊಡನೆ ದ್ರಾಕ್ಷಾರಸವನ್ನು ಸೇವಿಸಿ ಇಳಿಯಹೊರಟವರಿಗೆ ಹಿಮ ದಯೆ ತೋರುವುದಿಲ್ಲ.

ಎದುರಿಗಿರುವ ಶಿಖರವೇ ಅದಕ್ಕೆ ಸಾಕ್ಷಿ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರನ ತಂಡದ ಏಳು ಮಂದಿ ಅದನ್ನು ಮೊತ್ತಮೊದಲು ಏರಿದರು. ಸುಮಾರು ಒಂದು ಗಂಟೆ ತುದಿಯಲ್ಲಿದ್ದು ಇಳಿಯತೊಡಗಿದಾಗ ಅನುಭವ ಸಾಲದ ತರುಣನೊಬ್ಬನು ಕಾಲುಜಾರಿದನು, ಹಗ್ಗ ಹರಿಯಿತು, ನಾಲ್ವರು ಮಡಿದರು. ಏರುವಾಗ ಗೆದ್ದ ಬೆಟ್ಟ ಇಳಿಯುವಾಗ ಸೇಡು ತೀರಿಸಿಕೊಂಡಿತು. ಇಳಿಯುವ ಮುನ್ನ ಮೈಯೂ ಮನಸ್ಸೂ ಸಮಸ್ಥಿತಿಯಲ್ಲಿರಬೇಕೆಂಬುದನ್ನು ಆ ಊರು ಮರೆತಿಲ್ಲ.

ಟಿಕೆಟ್ಟಿನ ಲೆಕ್ಕ ಹಾಕುವ ಯಜಮಾನನೂ ಒಂದು ದಿನ ಅಲ್ಲಿ ಬಂದು ಕುಳಿತಾನು. ಬೂಟಿನ ಬಿಗಿ ಸಡಿಲಿಸಿ, ಬಿಸಿಲಿಗೆ ಮುಖವೊಡ್ಡಿ, ಮಗು ತಾಯಿಯ ತೋಳಿಗೊರಗಿ ನಿದ್ದೆಹೋದುದನ್ನು ಕಂಡು, ಎಬ್ಬಿಸಲು ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಾನು. ಮತ್ತೊಂದು ಸಲ ಏರಿ ಇಳಿಯುವುದು ತಪ್ಪಿಹೋಗಬಹುದು. ಆದರೆ ತಾನು ರಜೆಗೆ ಬಂದದ್ದು ಏತಕ್ಕೆಂಬುದು ಅವನಿಗೆ ಆ ಕ್ಷಣ ನೆನಪಾದೀತು.